ಬಿ.ಪಿ. ವಾಡಿಯಾ: ಸಂಘ ಕಟ್ಟಿದವರು, ಸಂಘ ಬಿಡಬೇಕಾದವರು

ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆ ನಮ್ಮಲ್ಲಿ ಅನೇಕರಿಗೆ ಗೊತ್ತು. ವಾಡಿಯಾ ಅಂದ ತಕ್ಷಣ ಯಾರೋ ದೊಡ್ಡ ಮಿಲ್ ಮಾಲೀಕರಿರಬೇಕು ಅಂದುಕೊಳ್ಳುತ್ತೇವೆ. ನಿಜ ಪೂರ್ತಿ ಉಲ್ಟಾ. ಮಿಲ್ ಮಾಲೀಕರು ಕೋರ್ಟಿಗೆ ಎಳೆದ ಮನುಷ್ಯ ಇವರು.

ಬಹಮನ್ ಪೆಸ್ತನ್‌ಜಿ ವಾಡಿಯಾ 1881ರಲ್ಲಿ ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಹುಟ್ಟಿದರು. ಥಿಯಾಸಫಿಯ ಸೆಳೆತಕ್ಕೆ ಮದ್ರಾಸಿನ ಅಡ್ಯಾರಿಗೆ ಬಂದು, ಆನಿ ಬೆಸೆಂಟ್ ಅವರ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ಕೆಲಸ ಮಾಡಿದರು. 1917ರಲ್ಲಿ ಹೋಂ ರೂಲ್ ಚಳವಳಿಗಾಗಿ ಬೆಸೆಂಟ್ ಮತ್ತು ಅರುಂಡೇಲ್ ಜೊತೆ ಊಟಿಯಲ್ಲಿ ಗೃಹಬಂಧನವನ್ನೂ ಕಂಡರು.

ಪೆರಂಬೂರಿನಲ್ಲಿ ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳಿದ್ದವು. (ಬೆಂಗಳೂರಿನ ಬಿನ್ನಿ ಮಿಲ್ ಕೂಡ ಇದೇ ಕಂಪನಿಯದು.) ಊಟದ ಬಿಡುವು ಅರ್ಧ ಗಂಟೆ. ಸಾವಿರಾರು ಜನ ಒಟ್ಟಿಗೆ ಹೊರಬಂದು, ಕೈತೊಳೆದು, ಬುತ್ತಿ ಬಿಚ್ಚಿ, ಉಂಡು, ಮತ್ತೆ ಮಗ್ಗದ ಮುಂದೆ ನಿಲ್ಲಬೇಕು. ಮೇಲಿಂದ ದೊರೆಗಳ ಬೈಗುಳ, ಹೊಡೆತ. ಮಿಲ್ ಹತ್ತಿರ ವ್ಯಾಪಾರ ಮಾಡ್ತಿದ್ದ ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜುಲು ನಾಯ್ಡು ಒಂದು ಭಜನಾ ಸಭೆ ನಡೆಸ್ತಿದ್ದರು. ಕಾರ್ಮಿಕರು ಅಲ್ಲಿ ಸೇರುತ್ತಿದ್ದರು, ಕಷ್ಟ ಹೇಳಿಕೊಳ್ತಿದ್ದರು. ಇಬ್ಬರೂ ವಾಡಿಯಾ ಅವರನ್ನು ಹುಡುಕಿಕೊಂಡು ಹೋದರು. ನಮಗೆ ಇಡೀ ಕಥೆಯಲ್ಲಿ ಇಷ್ಟವಾಗುವ ಭಾಗ ಇದೇ. ಸಂಘದ ಬೇರು ಇದ್ದದ್ದು ಭಜನೆ ಮಾಡೋ ಜಾಗದಲ್ಲಿ, ನಾಯಕ ಬಂದದ್ದು ಆಮೇಲೆ.

1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ವಾಡಿಯಾ ಅಧ್ಯಕ್ಷರು. ಭಾರತದ ಮೊದಲ ಕ್ರಮಬದ್ಧ ಕಾರ್ಮಿಕ ಸಂಘ ಎಂದು ಇದನ್ನೇ ಸಾಮಾನ್ಯವಾಗಿ ಗುರುತಿಸುತ್ತಾರೆ. ಯುದ್ಧದ ಕಾಲ, ಮಿಲ್ಲಿನ ಬಟ್ಟೆ ಸೈನಿಕರಿಗೆ ಹೋಗುತ್ತಿತ್ತು ಅಂತ ವಾಡಿಯಾ ಮುಷ್ಕರ ಬೇಡ ಅಂದರು. ಮಿಲ್ಲಿನವರು ಮಾತ್ರ ಬೀಗ ಹಾಕೋಕೆ ಹಿಂಜರಿಯಲಿಲ್ಲ.

1920ರಲ್ಲಿ ಮತ್ತೆ ಬೀಗಮುದ್ರೆ. ಡಿಸೆಂಬರಿನಲ್ಲಿ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಇನ್ನೊಂದು ಕಡೆ ಕಂಪನಿ ಮದ್ರಾಸ್ ಹೈಕೋರ್ಟಿಗೆ ಹೋಯಿತು: ಕೆಲಸದ ಕರಾರು ಮುರಿಯಲು ಕಾರ್ಮಿಕರನ್ನು ಇವರು ಪ್ರಚೋದಿಸಿದ್ದಾರೆ, ನಷ್ಟ ತುಂಬಿಕೊಡಲಿ. ಕೋರ್ಟು ತಡೆಯಾಜ್ಞೆ ಕೊಟ್ಟಿತು. ಸಂಘಕ್ಕೆ ಆಗ ಕಾನೂನಿನ ಆಸರೆಯೇ ಇರಲಿಲ್ಲ. ಕೊನೆಗೆ ರಾಜಿ ಆಯ್ತು. ಶರತ್ತು ಒಂದೇ: ವಾಡಿಯಾ ಸಂಘದ ನಂಟು ಕಡಿದುಕೊಳ್ಳಬೇಕು. ಕಡಿದುಕೊಂಡರು. ಇದನ್ನು ಹೇಡಿತನ ಅನ್ನೋದು ನಮಗೆ ಒಪ್ಪಿಗೆಯಿಲ್ಲ. ಆ ಕಾನೂನಿನಡಿ ಅವರ ಜಾಗದಲ್ಲಿ ಯಾರಿದ್ದರೂ ಸಿಕ್ಕಿಬೀಳುತ್ತಿದ್ದರು.

ಆ ಮೊಕದ್ದಮೆ ದೇಶದ ಕಾರ್ಮಿಕ ಮುಖಂಡರನ್ನೆಲ್ಲ ಬೆಚ್ಚಿಬೀಳಿಸಿತು. 1921ರಲ್ಲಿ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ನೋಂದಣಿ ಮತ್ತು ರಕ್ಷಣೆಗೆ ಕಾನೂನು ಬೇಕೆಂದು ನಿರ್ಣಯ ತಂದರು. 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬಂತು. ಏಳು ಜನ ಸೇರಿ, ನಿಯಮಾವಳಿ ಬರೆದು, ಸಹಿ ಹಾಕಿ ರಿಜಿಸ್ಟ್ರಾರ್‌ಗೆ ಅರ್ಜಿ ಕೊಟ್ಟರೆ ನೋಂದಣಿ. ಅದರ 18ನೇ ಕಲಮು ನೋಡಿ: ಕೈಗಾರಿಕಾ ವಿವಾದದಲ್ಲಿ ಕರಾರು ಮುರಿಯಲು ಪ್ರಚೋದಿಸಿದರು ಎಂಬ ಒಂದೇ ಕಾರಣಕ್ಕೆ ನೋಂದಾಯಿತ ಸಂಘದ ಮೇಲೋ ಪದಾಧಿಕಾರಿಗಳ ಮೇಲೋ ಸಿವಿಲ್ ದಾವೆ ನಡೆಯದು. ವಾಡಿಯಾ ಅವರನ್ನು ಕಟ್ಟಿಹಾಕಿದ್ದು ಅದೇ ಆರೋಪ! 2001ರ ತಿದ್ದುಪಡಿ ಶೇಕಡಾ 10 ಅಥವಾ 100 ಕಾರ್ಮಿಕರು, ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಿರಬೇಕು ಅಂತ ಸೇರಿಸಿತು. ಅರ್ಜಿಗೆ ಏಳು ಸಹಿ ಅನ್ನೋದು 2020ರ ಸಂಹಿತೆಯಲ್ಲೂ ಉಳಿದಿದೆ.

ಕಾಯ್ದೆ ಬರುವ ಹೊತ್ತಿಗೆ ವಾಡಿಯಾ ಕಾರ್ಮಿಕ ರಂಗದಲ್ಲೇ ಇರಲಿಲ್ಲ. 1922ರಲ್ಲಿ ಅಡ್ಯಾರಿನ ಸೊಸೈಟಿಯನ್ನೂ ಬಿಟ್ಟು, ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್ ಸೇರಿದ್ದರು. 1945ರಲ್ಲಿ ಪತ್ನಿ ಸೋಫಿಯಾ ಅವರೊಂದಿಗೆ ಬಸವನಗುಡಿಯಲ್ಲಿ ಕಟ್ಟಿದ ಸಂಸ್ಥೆಯೇ ಇಂದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. 1958ರ ಆಗಸ್ಟ್‌ನಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು.