ಹೊಸ ನಾಯಕನ ಪಕ್ಕದಲ್ಲಿ ನಿಲ್ಲುವವರು: ಕೆಂಗಲ್ ಹನುಮಂತಯ್ಯನವರ ಜೀವನದಿಂದ ಒಂದು ಪಾಠ

ಇವತ್ತು ಸೋಲೂರಿಗೆ ಬಂದಿರೋ ನಿಮ್ಮಲ್ಲಿ ತುಂಬಾ ಜನ ಬೆಂಗಳೂರಲ್ಲಿ ಕೆಲಸ ಮಾಡ್ತೀರಿ. ಕಂಪನಿಗೆ ಹೊಸ ಸಿಇಒ ಬರ್ತಾರೆ, ಎರಡು ಟೀಮ್ ಒಂದಾಗುತ್ತೆ ಅಂತ ಇಮೇಲ್ ಬರುತ್ತೆ, ಆವತ್ತು ರಾತ್ರಿ ನಿದ್ದೆ ಬರಲ್ಲ. ನನ್ನ ಜಾಗ ಉಳಿಯುತ್ತಾ ಅನ್ನೋ ಭಯ. ಇನ್ನು ಕೆಲವರು ಆ ಹೊಸ ನಾಯಕನ ಪಕ್ಕದಲ್ಲೇ ಕೂತು, ಅವರು ಜನರಿಗೆ ಏನು ಹೇಳಬೇಕು ಅಂತ ಬರೆದುಕೊಡೋರು. ಇವತ್ತಿನ ಸಂದೇಶ ಮುಖ್ಯವಾಗಿ ಅವರಿಗೆ.

ಒಂದನೇ ಅರಸುಗಳು 12ನೇ ಅಧ್ಯಾಯ ತೆಗೀರಿ. ಸೊಲೊಮೋನನ ಮಗ ರೆಹಬ್ಬಾಮ ಹೊಸ ಅರಸ. ಜನರು ಶೆಕೆಮಿನಲ್ಲಿ ಸೇರಿ ತಮ್ಮ ಭಾರ ಇಳಿಸಬೇಕು ಅಂತ ಕೇಳಿಕೊಂಡರು. ಹಿರಿಯರು ಅವರಿಗೆ ಒಳ್ಳೆಯ ಉತ್ತರ ಕೊಡುವಂತೆ ಬುದ್ಧಿ ಹೇಳಿದರು. ಜೊತೆಯಲ್ಲಿ ಬೆಳೆದ ಯೌವನಸ್ಥರು ಹೆದರಿಸುವ ಮಾತು ಹೇಳಿಕೊಟ್ಟರು. ಅವನು ಗೆಳೆಯರ ಮಾತು ಕೇಳಿದ, ರಾಜ್ಯ ಎರಡಾಯಿತು. ಗಮನಿಸಿ, ತಪ್ಪು ಮಾತು ಬರೆದುಕೊಟ್ಟವರು ನಿಮ್ಮ ಹಾಗೆ ಯೌವನಸ್ಥರೇ!

ಈಗ ನಮ್ಮ ರಾಮನಗರದ ಕಡೆಯ ಒಬ್ಬ ನಾಯಕನನ್ನು ನೋಡೋಣ. ಅವರು ಕ್ರೈಸ್ತ ವಿಶ್ವಾಸಿಯಲ್ಲ. ಆದರೆ ಪರ್ಷಿಯದ ಅರಸ ಕೋರೆಷನಿಂದಲೂ ದೇವರು ಕೆಲಸ ಮಾಡಿಸಿದನಲ್ವಾ?

ಕೆಂಗಲ್ ಹನುಮಂತಯ್ಯನವರು ಹುಟ್ಟಿದ್ದು 1908ರಲ್ಲಿ, ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ, ಒಕ್ಕಲು ಕುಟುಂಬದಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದರು, ಪುಣೆಯಲ್ಲಿ ಕಾನೂನು ಕಲಿತು ವಕೀಲರಾದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದರು. ಸಂವಿಧಾನ ಸಭೆಯ ಸದಸ್ಯರೂ ಆಗಿದ್ದರು. 1952ರ ಮೊದಲ ಮಹಾಚುನಾವಣೆಯ ನಂತರ ಮೈಸೂರಿನ ಮುಖ್ಯಮಂತ್ರಿಯಾದರು. ಇವತ್ತು ನಾವು ನೋಡೋ ವಿಧಾನಸೌಧದ ರೂಪ ಅವರ ಕನಸು.

ಆಗ ಕನ್ನಡಿಗರು ಬಾಂಬೆ, ಹೈದರಾಬಾದ್, ಮದ್ರಾಸ್, ಕೊಡಗು, ಮೈಸೂರು ಅಂತ ಚದುರಿದ್ದರು. 1955ರಲ್ಲಿ ಫಜಲ್ ಅಲಿ ಆಯೋಗದ ವರದಿ ಬಂತು: ಕನ್ನಡದ ಪ್ರದೇಶಗಳು ಒಂದೇ ರಾಜ್ಯವಾಗಲಿ ಅಂತ. ಹಳೇ ಮೈಸೂರಿನಲ್ಲಿ ತುಂಬಾ ಜನಕ್ಕೆ ಇದು ಸಂತೋಷ ತರಲಿಲ್ಲ. ನಮ್ಮಲ್ಲಿ ಕನ್ನಂಬಾಡಿ ಇದೆ, ಕಾರ್ಖಾನೆ ಇದೆ, ವಿಶ್ವವಿದ್ಯಾಲಯ ಇದೆ. ನಮ್ಮ ಆದಾಯ ಹಿಂದುಳಿದ ಜಿಲ್ಲೆಗಳಿಗೆ ಹೋಗುತ್ತೆ, ಅಧಿಕಾರವೂ ಕೈತಪ್ಪುತ್ತೆ ಅನ್ನೋ ಭಯ. ಈ ಭಯ ಹನುಮಂತಯ್ಯನವರ ಸ್ವಂತ ಜನರಲ್ಲೇ ಹೆಚ್ಚಾಗಿತ್ತು. ಅವರ ಕುರ್ಚಿ ನಿಂತಿದ್ದೂ ಆ ಜನರ ಬಲದ ಮೇಲೆ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ, ದೆಹಲಿಯ ಮೇಲೆ ಹಾಕಿಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ವಿರೋಧಿಸುತ್ತಿದ್ದ ತಮ್ಮವರ ಮುಂದೆಯೇ ಏಕೀಕರಣದ ಪರ ನಿಂತರು. ಅವರು ಒಬ್ಬರೇ ಇರಲಿಲ್ಲ ಅನ್ನೋದನ್ನೂ ನೋಡಿ. ಹಳೇ ಮೈಸೂರಿನವರೇ ಆದ ಕುವೆಂಪು ಅಂಥವರೂ ಒಂದೇ ಕರ್ನಾಟಕಕ್ಕಾಗಿ ದನಿ ಎತ್ತಿದರು. ನಾಯಕನಿಗೆ ನಿಜವಾದ ಸಹಾಯ ಅಂದರೆ ಇದೇ: ಕಷ್ಟದ ಸತ್ಯ ಹೇಳೋವಾಗ ಅವನನ್ನು ಒಂಟಿ ಬಿಡದೇ ಇರೋದು. ಮೋಶೆಯ ಕೈ ಸೋತಾಗ ಆರೋನ, ಹೂರ ಹಿಡಿದುಕೊಂಡ ಹಾಗೆ.

ಬೆಲೆ ಕೊಡಬೇಕಾಯಿತು. ಪಕ್ಷದೊಳಗೆ ವಿರೋಧ ಬೆಳೆದಿತ್ತು, ವಿಧಾನಸೌಧದ ಖರ್ಚಿನ ಬಗ್ಗೆಯೂ ಟೀಕೆ ಇತ್ತು. 1956ರ ಆಗಸ್ಟ್‌ನಲ್ಲಿ ಅವರು ಅಧಿಕಾರ ಬಿಟ್ಟರು. ನವೆಂಬರ್ 1ಕ್ಕೆ 19 ಜಿಲ್ಲೆಗಳ ಹೊಸ ರಾಜ್ಯ ಉದಯವಾದಾಗ ಮುಖ್ಯಮಂತ್ರಿ ನಿಜಲಿಂಗಪ್ಪನವರು. ಹನುಮಂತಯ್ಯನವರು ಮತ್ತೆಂದೂ ಆ ಕುರ್ಚಿಯಲ್ಲಿ ಕೂರಲಿಲ್ಲ. ಆದರೂ ಮೂಲೆ ಸೇರಲಿಲ್ಲ: ಸಂಸತ್ತಿಗೆ ಹೋದರು, ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು, ರೈಲ್ವೆ ಸಚಿವರಾದರು. 1980ರಲ್ಲಿ ತೀರಿಕೊಂಡರು. ಅವರು ಕುರ್ಚಿ ಕಳೆದುಕೊಂಡರು, ಮನೆ ಒಂದಾಯಿತು. ರೆಹಬ್ಬಾಮ ಕುರ್ಚಿ ಉಳಿಸಿಕೊಂಡ, ಮನೆ ಒಡೆಯಿತು.

ಪ್ರಿಯರೇ, ನಾಳೆ ಆಫೀಸಿನಲ್ಲಾಗಲಿ ಸಭೆಯಲ್ಲಾಗಲಿ ಹೊಸ ನಾಯಕರು ನಿಮ್ಮನ್ನು ಕೇಳಬಹುದು, ಜನಕ್ಕೆ ಏನು ಹೇಳಲಿ ಅಂತ. ಚಂದದ ಸ್ಲೈಡ್ ಆಮೇಲೆ ಮಾಡಿ. ಮೊದಲು ಈ ಬದಲಾವಣೆಯಿಂದ ಯಾರಿಗೆ ನಷ್ಟ ಅಂತ ಹೇಳಿಕೊಡಿ. ಗಾಳಿಸುದ್ದಿ ಹಬ್ಬೋ ಮುಂಚೆ ಅವರ ಹತ್ತಿರವೇ ಮೊದಲು ಹೋಗೋಕೆ ಹೇಳಿ. ಅವರ ಭಯವನ್ನು ಕೇಳಿಸಿಕೊಳ್ಳಲಿ. ತೀರ್ಮಾನ ಆಗಿದ್ದನ್ನು ಆಗಿದೆ ಅಂತ, ಆಗದೇ ಇರೋದನ್ನು ಇನ್ನೂ ಆಗಿಲ್ಲ ಅಂತ ಹೇಳಲಿ. ಆವತ್ತು ನೀವೂ ಪಕ್ಕದಲ್ಲಿ ನಿಂತಿರಿ. ಹೊಗಳೋ ಗೆಳೆಯರು ರೆಹಬ್ಬಾಮನಿಗೂ ಇದ್ದರು.

ಎದ್ದು ನಿಂತು ಪ್ರಾರ್ಥಿಸೋಣ. ಕರ್ತನೇ, ನಮ್ಮ ನಾಯಕರಿಗೆ ಸತ್ಯ ಹೇಳುವ ಧೈರ್ಯ ಕೊಡು. ಅವರ ಕೈ ಹಿಡಿಯುವ ಕೃಪೆ ನಮಗೆ ಕೊಡು. ಕೆಲಸದ ಭಯದಲ್ಲಿರುವ ಪ್ರತಿಯೊಬ್ಬರನ್ನು ನಿನ್ನ ಪವಿತ್ರಾತ್ಮನು ಸಂತೈಸಲಿ. ಯೇಸುವಿನ ನಾಮದಲ್ಲಿ, ಆಮೆನ್.