ಮಕ್ಕಳ ಬ್ಯಾಂಕಿನ ಜಾಕಿರ್ ಸಾಹೇಬರು

ಡಾ. ಜಾಕಿರ್ ಹುಸೇನ್ ಎಂದರೆ ಭಾರತದ ಮೂರನೆಯ ರಾಷ್ಟ್ರಪತಿ, ಮೊದಲ ಮುಸ್ಲಿಂ ರಾಷ್ಟ್ರಪತಿ ಎಂದು ನಮಗೆಲ್ಲ ಗೊತ್ತು. ಸಾಮಾನ್ಯ ಜ್ಞಾನದ ಪರೀಕ್ಷೆಗೆ ಅಷ್ಟು ಸಾಕು. ನಾನೂ ಅಷ್ಟೇ ತಿಳಿದುಕೊಂಡಿದ್ದೆ. ಈ ವರ್ಷ ಅವರ ಬಗ್ಗೆ ಹೆಚ್ಚು ಓದುವಂತೆ ಮಾಡಿದವಳು ನನ್ನ ನಾಲ್ಕು ವರ್ಷದ ತಂಗಿ.

ಅವಳು ರಾಣೆಬೆನ್ನೂರಿನ ನಮ್ಮ ಓಣಿಯ ಅಂಗನವಾಡಿಗೆ ಹೋಗುತ್ತಾಳೆ. ಅಲ್ಲಿ ಕೋಣೆಯ ಒಂದು ಮೂಲೆಯಲ್ಲಿ ಕಟ್ಟಿಗೆಯ ಬ್ಲಾಕ್‌ಗಳು, ಇನ್ನೊಂದರಲ್ಲಿ ಅಡುಗೆ ಆಟದ ಸಾಮಾನು, ಮತ್ತೊಂದರಲ್ಲಿ ಚಿತ್ರದ ಪುಸ್ತಕಗಳು, ಕಿಟಕಿಯ ಕೆಳಗೆ ಒಂದು ಪುಟ್ಟ ಅಂಗಡಿ ಇವೆ. ಮಕ್ಕಳು ಗುಂಪಾಗಿ ಒಂದೊಂದು ಮೂಲೆಯಲ್ಲಿ ಕುಳಿತು ಏನಾದರೂ ಮಾಡುತ್ತಿರುತ್ತಾರೆ. ಪಕ್ಕದ ಮನೆಯ ಹುಡುಗ ಎಲ್‌ಕೆಜಿಯಲ್ಲಿ ಎ ಯಿಂದ ಜೆಡ್‌ವರೆಗೆ ಬರೆಯುತ್ತಾನೆ. ಇವಳು ಬರೀ ಆಡಿ ಬರುತ್ತಾಳೆ ಎಂದು ದಾದಿಗೆ ಚಿಂತೆ. ಸಾಲ ಮಾಡಿಯಾದರೂ ಫೀ ಕಟ್ಟಿ ಅವಳನ್ನೂ ಅಲ್ಲಿಗೇ ಹಾಕೋಣ ಎಂದರು ಅಬ್ಬಾ. ಅಮ್ಮಿಗೆ ಮನಸ್ಸಿರಲಿಲ್ಲ. ಕೊನೆಗೆ ನನ್ನ ಅಭಿಪ್ರಾಯ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ಸಿಕ್ಕವರು ಜಾಕಿರ್ ಸಾಹೇಬರು.

ಅವರು ಹುಟ್ಟಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. ಮನೆತನ ಉತ್ತರ ಪ್ರದೇಶದ ಕಾಯಮ್‌ಗಂಜ್‌ನ ಪಠಾಣರದು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. 1911ರಲ್ಲಿ ಪ್ಲೇಗ್ ಬಂದು ತಾಯಿಯೂ ಹೋದರು. ಇಟಾವಾದಲ್ಲಿ ಹೈಸ್ಕೂಲು ಮುಗಿಸಿ ಅಲಿಗಢಕ್ಕೆ ಬಂದರು. 1920ರಲ್ಲಿ ಗಾಂಧೀಜಿ ಸರ್ಕಾರಿ ನೆರವಿನ ಕಾಲೇಜುಗಳನ್ನು ಬಿಡಲು ಕರೆ ಕೊಟ್ಟಾಗ ಹೊರಬಂದ ಯುವಕರಲ್ಲಿ ಅವರೂ ಒಬ್ಬರು. ಆ ವರ್ಷದ ಅಕ್ಟೋಬರ್ 29ರಂದು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಶುರುವಾಯಿತು. ಮುಂದೆ ಜರ್ಮನಿಗೆ ಹೋಗಿ ಬರ್ಲಿನ್‌ನಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಹೌದು, ಅವರು ನಮ್ಮ ವಿಭಾಗಕ್ಕೆ ಹತ್ತಿರದವರು!

1926ರಲ್ಲಿ ಮರಳಿ ಬಂದಾಗ ಜಾಮಿಯಾ ದೆಹಲಿಗೆ ಸ್ಥಳಾಂತರಗೊಂಡಿತ್ತು. ಖಿಲಾಫತ್ ಚಳವಳಿ ನಿಂತು ಹಣದ ಮೂಲವೂ ಬತ್ತಿತ್ತು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಅವರು ಅದರ ಕುಲಪತಿಯಾದರು. ಇಪ್ಪತ್ತು ವರ್ಷ ಅಲ್ಲೇ ದುಡಿಯುತ್ತೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳುವುದಿಲ್ಲ ಎಂದು ಅವರು ಮತ್ತು ಸಂಗಡಿಗರು ಪ್ರತಿಜ್ಞೆ ಮಾಡಿದರು.

ನನಗೆ ಆಶ್ಚರ್ಯವಾದದ್ದು ಮುಂದಿನ ಸಂಗತಿ. ಇಷ್ಟು ದೊಡ್ಡ ವಿದ್ವಾಂಸರ ಮನಸ್ಸು ಹೆಚ್ಚಾಗಿ ಇದ್ದದ್ದು ಜಾಮಿಯಾದ ಪುಟ್ಟ ಮಕ್ಕಳ ಶಾಲೆಯಲ್ಲಿ. ಅಲ್ಲಿ ಮಕ್ಕಳೇ ಒಂದು ಬ್ಯಾಂಕ್ ನಡೆಸುತ್ತಿದ್ದರು, ಒಂದು ಅಂಗಡಿ ನಡೆಸುತ್ತಿದ್ದರು, ತೋಟ ಮಾಡುತ್ತಿದ್ದರು. ಲೆಕ್ಕ ಪುಸ್ತಕದಲ್ಲಷ್ಟೇ ಇರಲಿಲ್ಲ, ಅವರ ಕೈಯಲ್ಲೇ ಇತ್ತು. ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಡೆಬಿಟ್, ಕ್ರೆಡಿಟ್ ನಿಯಮಗಳನ್ನು ನಾನು ಬಾಯಿಪಾಠ ಮಾಡಿದ್ದೆ. ಅವು ತಲೆಗೆ ಹತ್ತಿದ್ದು ರಜೆಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಮಾಮುವಿನ ಪಕ್ಕ ಕುಳಿತು ಖಾತೆ ಬರೆದಾಗ.

ಬರ್ಲಿನ್‌ನಲ್ಲಿ ಪರಿಚಯವಾಗಿದ್ದ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಯಹೂದಿ ಮಹಿಳೆ 1930ರ ದಶಕದ ಆರಂಭದಲ್ಲಿ ಜಾಮಿಯಾಕ್ಕೆ ಬಂದು ಶಿಶುವಿಹಾರದ ಮಕ್ಕಳನ್ನು ನೋಡಿಕೊಂಡರು. ಎಲ್ಲರಿಗೂ ಅವರು ಆಪಾ ಜಾನ್. 1943ರಲ್ಲಿ ತೀರಿಕೊಂಡ ಅವರ ಸಮಾಧಿ ಜಾಮಿಯಾದಲ್ಲೇ ಇದೆ. 1935ರಲ್ಲಿ ಓಖ್ಲಾದಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲು ಇಡಿಸಲು ಯಾವ ಮಂತ್ರಿಯನ್ನೂ ಕರೆಯಲಿಲ್ಲ. ಜಾಮಿಯಾದ ಅತ್ಯಂತ ಕಿರಿಯ ವಿದ್ಯಾರ್ಥಿ ಅಬ್ದುಲ್ ಅಜೀಜ್ ಎಂಬ ಹುಡುಗನಿಂದ ಇಡಿಸಿದರು.

ಅವರ ಜೀವನದ ಒಂದು ಘಟನೆ ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಶಾಲೆಯಲ್ಲಿ ಮಕ್ಕಳಿಗೆ ಸಿಹಿ ಹಂಚುತ್ತಿದ್ದಾಗ ಸೇವಕ ಬಂದು ಕಿವಿಯಲ್ಲಿ ಏನೋ ಹೇಳಿದ. ಅವರ ಪುಟ್ಟ ಮಗಳು ರೇಹಾನಾ ತೀರಿಕೊಂಡಿದ್ದಳು. ಮಕ್ಕಳ ಸಂತೋಷ ಕೆಡಬಾರದೆಂದು ಅವರು ಸಿಹಿ ಹಂಚಿ ಮುಗಿಸಿಯೇ ಮನೆಗೆ ಹೋದರು. ಉರ್ದುವಿನಲ್ಲಿ ಅವರು ಬರೆದ ಅಬ್ಬೂ ಖಾನನ ಮೇಕೆಯ ಕಥೆ ನಮ್ಮ ಮನೆಗಳಲ್ಲಿ ಅನೇಕರಿಗೆ ಗೊತ್ತು. ಮಕ್ಕಳ ಕಥೆಗಳಿಗೆ ಅವರು ಇಟ್ಟುಕೊಂಡ ಹೆಸರು ರುಖಯ್ಯಾ ರೇಹಾನಾ.

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಮೂಲಶಿಕ್ಷಣದ ಯೋಜನೆ ರೂಪಿಸುವ ಸಮಿತಿಗೆ ಅವರೇ ಅಧ್ಯಕ್ಷರು. ಏಳು ವರ್ಷ ಉಚಿತ ಶಿಕ್ಷಣ, ಮಾತೃಭಾಷೆಯಲ್ಲಿ, ಒಂದು ಕೈಕಸುಬಿನ ಮೂಲಕ. ಆಗ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಧಾರವಾಡ ಕಡೆಗೂ ಇಂಥ ಶಾಲೆಗಳು ಬಂದವು. ಇಂದಿಗೂ ನಮ್ಮ ಹಾವೇರಿಯ ಹತ್ತಿರ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಓದಿನ ಜೊತೆ ಹೊಲದ ಕೆಲಸವಿದೆ. ಆದರೆ ಯೋಜನೆಗೆ ಟೀಕೆಯೂ ಬಂತು. ಮುಸ್ಲಿಂ ಲೀಗ್ ವಿರೋಧಿಸಿತು. ಮಕ್ಕಳು ಬರೀ ನೂಲು ತೆಗೆಯುವ ಕೂಲಿಗಳಾಗುತ್ತಾರೆ ಎಂದು ಕೆಲವರು ಹೆದರಿದರು. ಎಷ್ಟೋ ಕಡೆ ಅದು ಬರೀ ಹೆಸರಿಗೆ ನಡೆಯಿತು. ಅದನ್ನು ಮುಂದೆ ಜಾಕಿರ್ ಸಾಹೇಬರೇ ಕಟುವಾಗಿ ಖಂಡಿಸಿದರು. ಕೈ ಆಡಿದ ಮಾತ್ರಕ್ಕೆ ಅದು ಶಿಕ್ಷಣವಲ್ಲ ಎಂಬುದು ಅವರ ವಾದ. ಮಗು ಮೊದಲು ಯೋಚಿಸಬೇಕು, ಹೇಗೆಂದು ಗೊತ್ತುಮಾಡಿಕೊಳ್ಳಬೇಕು, ಮಾಡಬೇಕು, ಮಾಡಿದ್ದು ಸರಿಯಾಯಿತೇ ಎಂದು ತಾನೇ ನೋಡಬೇಕು.

ನಂತರ ಅವರು ಅಲಿಗಢ ವಿಶ್ವವಿದ್ಯಾಲಯದ ಕುಲಪತಿ, ಬಿಹಾರದ ರಾಜ್ಯಪಾಲ, ಉಪರಾಷ್ಟ್ರಪತಿಯಾದರು. 1963ರಲ್ಲಿ ಭಾರತ ರತ್ನ ಬಂತು. 1967ರಲ್ಲಿ ರಾಷ್ಟ್ರಪತಿಯಾಗಿ, 1969ರ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಅವರನ್ನು ಮಣ್ಣು ಮಾಡಿದ್ದು ಜಾಮಿಯಾದ ಅಂಗಳದಲ್ಲೇ.

ಇದನ್ನೆಲ್ಲ ಓದಿದ ಮೇಲೆ ಒಂದು ಶನಿವಾರ ಅಂಗನವಾಡಿಗೆ ಹೋಗಿ ಬಾಗಿಲಲ್ಲಿ ನಿಂತೆ. ತಂಗಿ ಅಂಗಡಿ ಮೂಲೆಯಲ್ಲಿದ್ದಳು. ತೆಂಗಿನ ಕರಟದ ತಕ್ಕಡಿ, ಒಂದು ಕಡೆ ಆಲೂಗಡ್ಡೆ, ಇನ್ನೊಂದು ಕಡೆ ಹುಣಸೆಬೀಜ. ಒಂದು ಹಿಡಿ ಬೀಜ ಹಾಕಿದಳು, ತಕ್ಕಡಿ ವಾಲಿತು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದೊಂದೇ ಬೀಜ ತೆಗೆದು, ಸಮ ಆದ ಮೇಲೆ ಎಣಿಸತೊಡಗಿದಳು. ಹನ್ನೆರಡಾದ ಮೇಲೆ ಹದಿನಾಲ್ಕು ಎಂದಳು, ನಿಂತಳು, ಮತ್ತೆ ಮೊದಲಿನಿಂದ ಎಣಿಸಿದಳು. ಯಾರೂ ತಿದ್ದಿರಲಿಲ್ಲ.

ಮನೆಗೆ ಬಂದು ಕಂಡದ್ದನ್ನು ಹೇಳಿದೆ. ದಾದಿ ಇನ್ನೂ ಪೂರ್ತಿ ಒಪ್ಪಿಲ್ಲ. ಅಬ್ಬಾ ಮಾತ್ರ ಈ ವರ್ಷ ಅಲ್ಲೇ ಇರಲಿ ಎಂದಿದ್ದಾರೆ. ಗೆಳೆಯರೇ, ನಿಮ್ಮ ಮನೆಯಲ್ಲೂ ಚಿಕ್ಕ ಮಕ್ಕಳಿದ್ದರೆ, ಇವತ್ತು ಏನು ಬರೆದೆ ಎಂದು ಕೇಳುವ ಮೊದಲು ಇವತ್ತು ಏನು ಮಾಡಿದೆ ಎಂದು ಕೇಳಿ ನೋಡಿ.