ಕಿಶೋರ್ ಪಾರೇಖ್: ಯುದ್ಧದ ಛಾಯಾಚಿತ್ರ ಮತ್ತು ಅಡಿಬರಹದ ಪ್ರಶ್ನೆ

ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನೆಲೆಸಿವೆ. ಇವರ ಚರಿತ್ರೆಯನ್ನು ಕುರಿತು ಯೋಚಿಸುವಾಗ 1971ರ ಬಾಂಗ್ಲಾದೇಶ ಯುದ್ಧದ ಛಾಯಾಚಿತ್ರಗಳು ಸಹಜವಾಗಿಯೇ ಕಣ್ಮುಂದೆ ಬರುತ್ತವೆ. ಆದರೆ 1964ರ ಕೋಮುಗಲಭೆಗಳ ನಂತರ, ಯುದ್ಧಕ್ಕೆ ಮೊದಲೇ ಊರು ತೊರೆದವರೂ ಇವರಲ್ಲಿದ್ದಾರೆ. ಹಾಗಾದರೆ ಚಿತ್ರವೊಂದು ಯಾರ ಪರವಾಗಿ, ಯಾವ ಕಾಲದ ಬಗೆಗೆ ಸಾಕ್ಷಿ ನುಡಿಯುತ್ತದೆ? ಆ ಯುದ್ಧವನ್ನು ಸೆರೆಹಿಡಿದ ಪ್ರಮುಖ ಛಾಯಾಗ್ರಾಹಕ ಕಿಶೋರ್ ಪಾರೇಖ್ ಅವರ ಬದುಕನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪಾರೇಖ್ ಅವರು 1930ರಲ್ಲಿ ಗುಜರಾತಿನ ಭಾವನಗರದಲ್ಲಿ ಜನಿಸಿದರು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ನಿರ್ಮಾಣ ಮತ್ತು ಛಾಯಾಗ್ರಹಣಗಳನ್ನು ಅಭ್ಯಾಸ ಮಾಡಿದರು. ಅರವತ್ತರ ದಶಕದ ಆರಂಭದಲ್ಲಿ ಸ್ವದೇಶಕ್ಕೆ ಮರಳಿ ದೆಹಲಿಯ ಹಿಂದೂಸ್ತಾನ್ ಟೈಮ್ಸ್ ಪತ್ರಿಕೆಯ ಮುಖ್ಯ ಛಾಯಾಗ್ರಾಹಕರಾದರು. 1966ರ ತಾಷ್ಕೆಂಟ್ ಮಾತುಕತೆ ಹಾಗೂ 1966-67ರ ಬಿಹಾರದ ಬರಗಾಲವನ್ನು ಕುರಿತ ಚಿತ್ರಗಳು ಅವರಿಗೆ ಹೆಸರು ತಂದವು. ಗಣ್ಯರ ಸಭೆ ಸಮಾರಂಭಗಳಿಗೆ ಸೀಮಿತವಾಗಿದ್ದ ಪತ್ರಿಕಾ ಛಾಯಾಗ್ರಹಣವನ್ನು ಜನಜೀವನದ ಸಂಕಟದ ಕಡೆಗೆ ಹೊರಳಿಸಿದವರಲ್ಲಿ ಅವರೂ ಒಬ್ಬರು. ಅನಂತರ ಅವರು ಹಾಂಗ್‌ಕಾಂಗ್‌ಗೆ ತೆರಳಿ ಅಲ್ಲಿನ ನಿಯತಕಾಲಿಕಗಳಿಗಾಗಿ ದುಡಿದರು.

1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ನಡೆಸಿದ ಕಾರ್ಯಾಚರಣೆಯಿಂದ ಅಂತರ್ಯುದ್ಧ ಆರಂಭವಾಯಿತು. ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಡಿಸೆಂಬರ್ 3ರಂದು ಭಾರತ-ಪಾಕಿಸ್ತಾನ ಯುದ್ಧ ಆರಂಭವಾಗಿ, 16ರಂದು ಪಾಕಿಸ್ತಾನದ ಸೇನೆ ಢಾಕಾದಲ್ಲಿ ಶರಣಾಯಿತು. ಯಾವ ಪತ್ರಿಕೆಯೂ ನಿಯೋಜಿಸದಿದ್ದರೂ ಪಾರೇಖ್ ಅವರು ಸ್ವಂತ ನಿರ್ಧಾರದಿಂದ ಯುದ್ಧಭೂಮಿಗೆ ಧಾವಿಸಿದರು. ಕೆಲವೇ ದಿನಗಳಲ್ಲಿ ತೆಗೆದ ಚಿತ್ರಗಳಿಂದ 67ನ್ನು ಆಯ್ದು, 'ಬಾಂಗ್ಲಾದೇಶ್: ಎ ಬ್ರೂಟಲ್ ಬರ್ತ್' ಎಂಬ ಪುಸ್ತಕವನ್ನು 1972ರಲ್ಲಿ ಹೊರತಂದರು. ಅದರಲ್ಲಿ ಸೇನಾಧಿಕಾರಿಗಳ ವಿಜಯಕ್ಕಿಂತ ಸತ್ತವರ ಮತ್ತು ಬದುಕುಳಿದವರ ಪಾಡೇ ಮುಖ್ಯವಾಗಿದೆ.

ಈ ಸಂಪುಟದ ಒಂದು ಚಿತ್ರ ವಿಶೇಷ ಚರ್ಚೆಗೆ ಅರ್ಹವಾಗಿದೆ. ಅದರಲ್ಲಿ ಸೈನಿಕನೊಬ್ಬ ಲುಂಗಿ ಉಟ್ಟ ವ್ಯಕ್ತಿಯೊಬ್ಬನ ಉಡುಪಿನೊಳಗೆ ಇಣುಕಿ ನೋಡುತ್ತಿದ್ದಾನೆ. ಪಾಕಿಸ್ತಾನದ ಸೈನಿಕನು ಸುನ್ನತಿಯನ್ನು ಪರೀಕ್ಷಿಸಿ ಹಿಂದೂಗಳನ್ನು ಗುರುತಿಸುತ್ತಿರುವ ದೃಶ್ಯವೆಂದೇ ಇದು ವ್ಯಾಪಕವಾಗಿ ಪ್ರಚಾರ ಪಡೆಯಿತು. ಅಂತಹ ಪರೀಕ್ಷೆಗಳು ನಡೆದದ್ದು ನಿಜವಾದ್ದರಿಂದ ಈ ಓದು ನಂಬಲರ್ಹವಾಗಿಯೇ ಕಂಡಿತು. ಆದರೆ ಪಾರೇಖ್ ಅವರ ಪುಸ್ತಕದ ಅಡಿಬರಹದ ಪ್ರಕಾರ, ಅವನು ಬಚ್ಚಿಟ್ಟ ಆಯುಧಕ್ಕಾಗಿ ತಪಾಸಣೆ ಮಾಡುತ್ತಿರುವ ಭಾರತೀಯ ಸೈನಿಕ. ಅಡಿಬರಹ ಕಳಚಿದೊಡನೆ ಸೈನಿಕನ ದೇಶವೇ ಬದಲಾಯಿತು. ದೌರ್ಜನ್ಯದ ನಿಜವಾದ ನೆನಪೊಂದು ತನ್ನದಲ್ಲದ ಚಿತ್ರವನ್ನು ಆಶ್ರಯಿಸಿತು. ವಿಮೋಚನೆಗೆಂದು ಬಂದ ಸೈನ್ಯದ ಎದುರಿನಲ್ಲೂ ಸಾಮಾನ್ಯನೊಬ್ಬ ಅನುಭವಿಸಿದ ಅವಮಾನ ಮರೆಯಾಯಿತು.

ಶಾಸನಾಧ್ಯಯನದ ಪರಂಪರೆಯುಳ್ಳ ಕನ್ನಡ ಸಂಶೋಧನೆಗೆ ಈ ಸಮಸ್ಯೆ ಹೊಸದಲ್ಲ. ಸಿಂಧನೂರಿಗೆ ಸಮೀಪದ ಮಸ್ಕಿಯು ಪ್ರತ್ಯೇಕ ತಾಲೂಕಾಗುವ ಮುನ್ನ ಲಿಂಗಸುಗೂರು ತಾಲೂಕಿಗೆ ಸೇರಿತ್ತು. ಅಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಶಾಸನವು, ದೇವಾನಂಪಿಯ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೂ ನೀಡಿತು. ಸಿಂಹಳದ ಗ್ರಂಥಗಳನ್ನು ಆಧರಿಸಿ ಊಹಿಸಿದ್ದ ಸಂಗತಿಗೆ ಕಲ್ಲಿನ ಮೇಲಿನ ಒಂದು ಹೆಸರಿನಿಂದ ಖಚಿತ ಆಧಾರ ದೊರೆಯಿತು. ಶಾಸನಕ್ಕೆ ಅದರ ಪಾಠ ಹೇಗೋ ಛಾಯಾಚಿತ್ರಕ್ಕೆ ಅಡಿಬರಹ ಹಾಗೆ.

ಯುದ್ಧಾನಂತರ ಪಾರೇಖ್ ಅವರು ಮುಂಬಯಿಯಲ್ಲಿ ವಾಣಿಜ್ಯ ಛಾಯಾಗ್ರಹಣದಲ್ಲಿ ತೊಡಗಿಕೊಂಡರು. 1982ರಲ್ಲಿ ಹಿಮಾಲಯದಲ್ಲಿ ಚಿತ್ರ ತೆಗೆಯುತ್ತಿದ್ದಾಗ ಹೃದಯಾಘಾತದಿಂದ ನಿಧನರಾದರು. ಅವರ ಚಿತ್ರಗಳು ಇಂದಿಗೂ ಮರುಮುದ್ರಣಗೊಳ್ಳುತ್ತಿವೆ.

ಸಿಂಧನೂರಿನ ಕ್ಯಾಂಪುಗಳ ಚರಿತ್ರೆಯನ್ನು ಬರೆಯುವವರಿಗೆ ಈ ಬದುಕಿನಿಂದ ದೊರೆಯುವ ಪಾಠ ಸ್ಪಷ್ಟವಾಗಿದೆ. ದೀರ್ಘಕಾಲ ಪೌರತ್ವದ ದಾಖಲೆಗಾಗಿ ಪರದಾಡಿದ ಜನರಿಗೆ, ಯಾವ ವರ್ಷ ಯಾವ ಕಾರಣಕ್ಕೆ ಬಂದರು ಎಂಬುದು ಕೇವಲ ವಿದ್ವತ್ತಿನ ಪ್ರಶ್ನೆಯಲ್ಲ. 1971ರ ಪ್ರಸಿದ್ಧ ಚಿತ್ರಗಳನ್ನು ಅವರೆಲ್ಲರ ಕಥೆಯೆಂದು ಮುದ್ರಿಸುವ ಬದಲು, ಪ್ರತಿ ಕುಟುಂಬದ ವಲಸೆಯ ಕಾಲ ಮತ್ತು ದಾರಿಗಳನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸ ಮೊದಲು ಆಗಬೇಕಿದೆ.